ಸೋತ ಔಷಧಿ ಮತ್ತೆ ಎದ್ದ ಕಥೆ

1948ರ ಸೆಪ್ಟೆಂಬರಿನಲ್ಲಿ ಯಾದಗಿರಿ, ಶಹಾಪುರ, ಸುರಪುರದ ಜನ ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಆದರು. ಅದೇ ವರ್ಷ ದೂರದ ಕ್ವಾಲಾಲಂಪುರದಲ್ಲಿ ಇನ್ನೊಂದು ಬಿಡುಗಡೆ! ವೆನೆಜುವೆಲಾದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ತೆಗೆದ ಕ್ಲೋರಾಂಫೆನಿಕಾಲ್ ಎಂಬ ಔಷಧಿ ಟೈಫಾಯ್ಡ್ ಜ್ವರವನ್ನು ಇಳಿಸಿತ್ತು. ಅಲ್ಲಿಯವರೆಗೆ ಈ ಜ್ವರ ಬಂದ ನೂರು ಜನರಲ್ಲಿ ಹತ್ತಾರು ಮಂದಿ ಉಳಿಯುತ್ತಿರಲಿಲ್ಲ.

ಆದರೆ ಈ ಗೆಲುವು ಬಾಳಿದ್ದು ಇಪ್ಪತ್ತನಾಲ್ಕೇ ವರ್ಷ. 1972ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಕ್ಲೋರಾಂಫೆನಿಕಾಲ್‌ಗೆ ಬಗ್ಗದ ಟೈಫಾಯ್ಡ್ ಹಬ್ಬಿತು. ಅದೇ ವರ್ಷ ಮೆಕ್ಸಿಕೋದಲ್ಲೂ ಇದೇ ಕಥೆ. ಬ್ಯಾಕ್ಟೀರಿಯಾಗಳು ಔಷಧಿ ತಡೆಯುವ ವಿದ್ಯೆಯನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿಟ್ಟು ಒಂದಕ್ಕೊಂದು ಕೊಡುತ್ತವೆ. ಒಂದೇ ಉಂಗುರದಲ್ಲಿ ಹಲವು ಔಷಧಿಗಳ ಉತ್ತರ ಇರುತ್ತದೆ ನೋಡಿ! 1990ರ ಹೊತ್ತಿಗೆ ಭಾರತದಲ್ಲಿ ಆಂಪಿಸಿಲಿನ್, ಕೋ-ಟ್ರೈಮಾಕ್ಸಜೋಲ್ ಕೂಡ ಸೋತವು. ಆಮೇಲೆ ಬಂದ ಸಿಪ್ರೊಫ್ಲಾಕ್ಸಾಸಿನ್ ಕೂಡ ಹತ್ತಿಪ್ಪತ್ತು ವರ್ಷದಲ್ಲಿ ಸುಸ್ತಾಯಿತು. ಈಗ ಸೆಫ್ಟ್ರಿಯಾಕ್ಸೋನ್ ಸೂಜಿ, ಅಜಿತ್ರೋಮೈಸಿನ್ ಗುಳಿಗೆಯ ಕಾಲ. 2016ರಲ್ಲಿ ಹೈದರಾಬಾದಿನಲ್ಲಿ (ನಮ್ಮದಲ್ಲ, ಪಾಕಿಸ್ತಾನದ ಸಿಂಧ್ ಪ್ರಾಂತ್ಯದ್ದು) ಸೆಫ್ಟ್ರಿಯಾಕ್ಸೋನ್‌ಗೂ ಜಗ್ಗದ ಟೈಫಾಯ್ಡ್ ಕಾಣಿಸಿಕೊಂಡಿತು.

ಇಷ್ಟೇ ಆಗಿದ್ದರೆ ಬರೀ ಸೋಲಿನ ಕಥೆ. ಸ್ವಾರಸ್ಯ ಇರೋದು ಇಲ್ಲಿ. ವೈದ್ಯರು ಕ್ಲೋರಾಂಫೆನಿಕಾಲ್ ಬರೆಯುವುದನ್ನು ಹೆಚ್ಚುಕಮ್ಮಿ ಬಿಟ್ಟೇಬಿಟ್ಟ ಮೇಲೆ, ಭಾರತದ ಅನೇಕ ಪ್ರಯೋಗಾಲಯಗಳಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ಮತ್ತೆ ಅದಕ್ಕೆ ಸಾಯತೊಡಗಿತು! ಶತ್ರುವೇ ಇಲ್ಲದಾಗ ಗುರಾಣಿ ಹೊತ್ತು ತಿರುಗುವುದು ಬ್ಯಾಕ್ಟೀರಿಯಾಕ್ಕೂ ದಂಡವೇ ಅಲ್ವಾ? ಹಾಗಂತ ಅಂಗಡಿಗೆ ಹೋಗಿ ಅದನ್ನೇ ಕೇಳಬೇಡಿ. ಅಪರೂಪಕ್ಕೆ ಅದು ಎಲುಬಿನ ಮಜ್ಜೆಯನ್ನೇ ಕೆಡಿಸುತ್ತದೆ.

ಜ್ವರ ಬಂದರೆ 'ಡಾಕ್ಟ್ರೇ, ಒಂದ್ ಸೂಜಿ ಮಾಡ್ರಿ' ಅನ್ನೋದು ನಮ್ಮ ಕಡೆಯ ರೂಢಿ. ನೆಗಡಿಗೂ ಅದೇ, ವೈರಸ್ ಜ್ವರಕ್ಕೂ ಅದೇ. ವೈರಸ್ಸಿಗೆ ಆ್ಯಂಟಿಬಯೋಟಿಕ್ ನಾಟುವುದೇ ಇಲ್ಲ. ವಿಡಾಲ್ ಪರೀಕ್ಷೆಯಿಂದ ಯಾವ ಔಷಧಿ ನಾಟುತ್ತದೆ ಅಂತ ತಿಳಿಯುವುದಿಲ್ಲ. ಅದಕ್ಕೆ ಔಷಧಿ ಶುರುಮಾಡುವ ಮೊದಲೇ ರಕ್ತ ತೆಗೆದು ಕಲ್ಚರ್ ಮಾಡಿಸಬೇಕು. 2014ರ ಮಾರ್ಚ್ 1ರಿಂದ ಸೆಫ್ಟ್ರಿಯಾಕ್ಸೋನ್‌ನಂಥವನ್ನು ಮಾರಿದರೆ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು ಬರೆದಿಡಬೇಕು ಅಂತ ಕಾನೂನೂ ಬಂದಿದೆ. 2009ರ ಕೊನೆಗೆ ಜಿಲ್ಲೆಯಾದ ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಇನ್ನು ಬದಲಾಗಬೇಕಿರುವುದು ನಮ್ಮ ಅವಸರ.

ಸುಮ್ಮನಿಟ್ಟ ಔಷಧಿಗೆ ಮತ್ತೆ ಶಕ್ತಿ ಬರುತ್ತದೆ ಅಂದಮೇಲೆ, ಬೇಡದ ಸೂಜಿಯನ್ನು ಬೇಡ ಅನ್ನೋದೂ ಒಂದು ಚಿಕಿತ್ಸೆಯೇ. ಏನಂತೀರಿ?