ಹೈಪರ್‌ರಿಯಲಿಸ್ಟ್ ಶಿಲ್ಪ: ಅಳತೆ ಮತ್ತು ಮಾನವದೇಹ

ಚರ್ಮದ ಸುಕ್ಕು, ಉಬ್ಬಿದ ನರ, ಕೈಮೇಲಿನ ರೋಮದವರೆಗೆ ಮನುಷ್ಯನನ್ನು ಯಥಾವತ್ತಾಗಿ ಮೂಡಿಸುವ ಶಿಲ್ಪಪ್ರಕಾರ. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಅಲ್ಲಿನ ಶಿಲ್ಪಿ ಡ್ವೇನ್ ಹ್ಯಾನ್ಸನ್ ಜೀವಂತ ವ್ಯಕ್ತಿಗಳ ಮೈಯಿಂದಲೇ ಅಚ್ಚು ತೆಗೆದು, ಆಳೆತ್ತರದ ಪ್ರತಿಮೆಗೆ ನಿಜವಾದ ಬಟ್ಟೆ ತೊಡಿಸುತ್ತಿದ್ದರು.

ಮೆಲ್ಬರ್ನ್‌ನಲ್ಲಿ 1958ರಲ್ಲಿ ಜನಿಸಿದ ಶಿಲ್ಪಿ ರಾನ್ ಮ್ಯೂಕ್ ಈ ಆಳೆತ್ತರವನ್ನೇ ಮುರಿದರು. 1996-97ರ 'ಡೆಡ್ ಡ್ಯಾಡ್'ನಲ್ಲಿ ಅವರ ತಂದೆಯ ಬೆತ್ತಲೆ ಶವ ಸುಮಾರು ಒಂದು ಮೀಟರ್ ಉದ್ದವಿದೆ. ಅದರ ಕೂದಲು ಕಲಾವಿದರದೇ. ನೋಡುವವರು ತಾವಾಗಿ ಬಾಗುತ್ತಾರೆ, ದೊಡ್ಡವರೊಬ್ಬರು ಮಗುವಿನಷ್ಟಾಗಿ ಮಲಗಿರುವುದು ಎದೆಗೆ ತಾಕುತ್ತದೆ. 1999ರ 'ಬಾಯ್' ಕುಕ್ಕರಗಾಲಿನಲ್ಲಿ ಕೂತಿದ್ದರೂ ಸುಮಾರು 5 ಮೀಟರ್ ಎತ್ತರ.

ಕರ್ನಾಟಕದಲ್ಲಿ ಈ ಕಲೆ ಮನೆಯ ನಡುಮನೆಗೇ ಬಂದಿದೆ. ಕೊಪ್ಪಳದ ಉದ್ಯಮಿಯೊಬ್ಬರು 2020ರ ಗೃಹಪ್ರವೇಶಕ್ಕೆ, ಅಪಘಾತದಲ್ಲಿ ತೀರಿಕೊಂಡ ಪತ್ನಿಯ ಪ್ರತಿಮೆಯನ್ನು ಬೆಂಗಳೂರಿನ 'ಗೊಂಬೆ ಮನೆ' ಎಂಬ ಸಂಸ್ಥೆಯಲ್ಲಿ ಮಾಡಿಸಿದರು. ಸೀರೆಯುಟ್ಟು ಸೋಫಾದಲ್ಲಿ ಕುಳಿತ ಅದು ಆಳೆತ್ತರದ್ದು. ಊರಿನ ಬಿಸಿಲಿಗೆ ಮೇಣ ತಾಳದೆಂದು ಸಿಲಿಕೋನ್ ಬಳಸಲಾಯಿತು. ಇಲ್ಲಿ ಅಳತೆ ಬದಲಾಯಿಸುವಂತೆಯೇ ಇರಲಿಲ್ಲ. ಬೇಕಾಗಿದ್ದುದು ಅದೇ ವ್ಯಕ್ತಿ.

ಈ ಶಿಲ್ಪಪ್ರಕಾರದ ಆಚೆ, ಕರ್ನಾಟಕದ ತುಮಕೂರು ಸೀಮೆಯಲ್ಲೂ ದೇಹದ ಅಳತೆಯ ಪ್ರಶ್ನೆ ಹಳೆಯದು, ಆದರೆ ಅಲ್ಲಿನದು ದೇವರ ದೇಹ. ಶಿಲ್ಪಿ ಜಕಣಾಚಾರಿಯ ಐತಿಹ್ಯವಿರುವ ಕೈದಾಳದ ಚೆನ್ನಕೇಶವ ಹೆಚ್ಚುಕಡಿಮೆ ಆಳೆತ್ತರ. ಒಡವೆಯ ಕುಸುರಿ ಕಾಣಲು ಹತ್ತಿರ ಹೋಗಬೇಕು. ಕುಣಿಗಲ್ ಬಳಿಯ ಬಿದನಗೆರೆಯಲ್ಲಿ 2022ರಲ್ಲಿ ಲೋಕಾರ್ಪಣೆಗೊಂಡ ಪಂಚಮುಖಿ ಆಂಜನೇಯ 161 ಅಡಿ. ಅದನ್ನು ದೂರ ನಿಂತೇ ನೋಡಬೇಕು.