ದೇಶಕ್ಕೊಂದು ಪ್ಲಗ್: ಮೂರನೆಯ ಪಿನ್ನಿನ ಮಹತ್ವ

ವಿದ್ಯುತ್ ಪ್ಲಗ್ಗಿನ ವಿನ್ಯಾಸ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಕೊಪ್ಪಳ ಜಿಲ್ಲೆಯ ನವಲಿಯಿಂದ ಬೆಂಗಳೂರಿನವರೆಗೆ ಬಳಕೆಯಲ್ಲಿರುವ ದುಂಡು ಪಿನ್ನುಗಳ ಪ್ಲಗ್ ಬ್ರಿಟನ್ನಿನ ಹಳೆಯ ಮಾದರಿಯಿಂದ ಬಂದದ್ದು. ಟೇಬಲ್ ಫ್ಯಾನಿನಂತಹವಕ್ಕೆ 6 ಆಂಪಿಯರ್, ಗೀಸರಿನಂತಹವಕ್ಕೆ 16 ಆಂಪಿಯರ್ ಪ್ಲಗ್ ಬೇಕು. ಬ್ರಿಟನ್ 1947ರಲ್ಲಿ ಚಪ್ಪಟೆ ಪಿನ್ನಿನ, ಒಳಗೇ ಫ್ಯೂಸ್ ಇರುವ ಪ್ಲಗ್ಗಿನ ಮಾನದಂಡ ರೂಪಿಸಿತು. ದುಬೈನಲ್ಲಿಯೂ ಇರುವುದು ಅದೇ.

ಅಮೆರಿಕದ 120 ವೋಲ್ಟಿಗಷ್ಟೇ ತಯಾರಾದ ಉಪಕರಣ ಇಲ್ಲಿಯ 230 ವೋಲ್ಟಿಗೆ ಸುಟ್ಟುಹೋಗಬಹುದು. ಸಾಮಾನ್ಯ ಅಡಾಪ್ಟರ್ ಪಿನ್ನನ್ನು ಹೊಂದಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ.

ಭಾರತದ ಪ್ಲಗ್ಗಿನ ದಪ್ಪನೆಯ ಮೂರನೆಯ ಪಿನ್ ಉಳಿದೆರಡಕ್ಕಿಂತ ಉದ್ದ. ಅದು ಮೊದಲು ಸೇರಿ, ಕೊನೆಗೆ ಬಿಡುತ್ತದೆ. ಉಪಕರಣದ ಲೋಹದ ಹೊರಮೈಗೆ ಸೋರಿದ ವಿದ್ಯುತ್ತನ್ನು ಭೂಮಿಗೆ ಇಳಿಸುತ್ತದೆ. ಅದನ್ನು ಕತ್ತರಿಸುವುದು, ಪ್ಲಗ್ಗಿಲ್ಲದೆ ಬರಿ ತಂತಿಯನ್ನು ಸಾಕೆಟ್ಟಿಗೆ ಸಿಕ್ಕಿಸುವುದು ಪ್ರಾಣಾಪಾಯಕ್ಕೆ ದಾರಿ.