ಆಜ್ಞಾವಾಕ್ಯಗಳಲ್ಲಿ ವಿಕಲ್ಪಸೂಚನೆ: ಒಂದು ಐತಿಹಾಸಿಕ ವಿವೇಚನೆ

2014ನೆಯ ಇಸವಿ ನವೆಂಬರ್ 1ರಂದು ಕರ್ಣಾಟಕದ ಹನ್ನೆರಡು ನಗರಗಳ ಹೆಸರುಗಳ ಆಂಗ್ಲ ರೂಪ ಬದಲಾಯಿತು. ‘ಟುಮ್ಕೂರ್’ ಎಂಬುದು ‘ತುಮಕೂರು’ ಆಯಿತು. ಗುಬ್ಬಿ, ಕುಣಿಗಲ್ ಎಂಬ ಹೆಸರುಗಳು ಇದ್ದಂತೆಯೇ ಉಳಿದವು. ರೈಲ್ವೆ ನಿಲ್ದಾಣದ ‘ಟಿಕೆ’ ಎಂಬ ಸಂಕೇತವೂ ಬದಲಾಗಲಿಲ್ಲ. ಹಳೆಯ ದಾಖಲೆಗಳನ್ನು ಅರಸುವವನಿಗೆ ಈ ಎಲ್ಲ ರೂಪಗಳೂ ತಿಳಿದಿರಬೇಕು. ಗಣಕಯಂತ್ರದ ಆಜ್ಞಾವಾಕ್ಯಗಳ ಇತಿಹಾಸದಲ್ಲಿಯೂ ಇದೇ ಸಮಸ್ಯೆ ತಲೆದೋರಿರುವುದನ್ನು ನಾವು ಕಾಣುತ್ತೇವೆ.

ಆಜ್ಞಾವಾಕ್ಯದ ಮೊದಲ ಪದ ಪ್ರೋಗ್ರಾಮಿನ ಹೆಸರು. ಮುಂದಿನ ಪದಗಳಲ್ಲಿ ಕೆಲವು ಕಾರ್ಯದ ವಸ್ತುವನ್ನೂ ಕೆಲವು ಕಾರ್ಯದ ರೀತಿಯನ್ನೂ ಸೂಚಿಸುತ್ತವೆ. ರೀತಿಯನ್ನು ಸೂಚಿಸುವವುಗಳನ್ನು ನಾವು ಇಲ್ಲಿ ವಿಕಲ್ಪಗಳೆಂದು ಕರೆದಿದ್ದೇವೆ. ಮಲ್ಟಿಕ್ಸ್ ವ್ಯವಸ್ಥೆಯಲ್ಲಿ ಅಡ್ಡಗೆರೆಯ ಮುಂದೆ ಪೂರ್ಣಪದವನ್ನು ಬರೆಯುತ್ತಿದ್ದರು. 1971ರ ಯೂನಿಕ್ಸ್ ಕೈಪಿಡಿಯಲ್ಲಿ ಅಡ್ಡಗೆರೆಯೊಡನೆ ಒಂದೇ ಅಕ್ಷರ ಸಾಕಾಯಿತು. ಆದರೆ ನಿಯಮ ಏಕರೂಪವಾಗಿರಲಿಲ್ಲ. ಕಡತಗಳನ್ನು ಒಂದು ಕಟ್ಟಾಗಿ ಸೇರಿಸುವ, 1979ರ ಯೂನಿಕ್ಸ್ ಆವೃತ್ತಿಯಲ್ಲಿ ಬಂದ ‘ಟಾರ್’ ಅಡ್ಡಗೆರೆಯನ್ನೇ ಬೇಡಲಿಲ್ಲ.

ಈ ಗೊಂದಲವನ್ನು ನೀಗಲು ಎಟಿ ಅಂಡ್ ಟಿ ಸಂಸ್ಥೆಯಲ್ಲಿ ಸುಮಾರು 1980ರಲ್ಲಿ ‘ಗೆಟ್‌ಆಪ್ಟ್’ ರಚಿತವಾಯಿತು. 1985ರಲ್ಲಿ ಅದು ಸಾರ್ವಜನಿಕವಾಯಿತು. 1992ರ ಪಾಸಿಕ್ಸ್ ಮಾನಕವು ವಿಕಲ್ಪಗಳು ವಸ್ತುಗಳಿಗಿಂತ ಮೊದಲು ಬರಬೇಕೆಂದೂ, ಒಂಟಿಯಾಗಿ ನಿಂತ ಜೋಡಿ ಅಡ್ಡಗೆರೆಯಿಂದ ಅವು ಮುಗಿದುವೆಂದೂ ವಿಧಿಸಿತು. ಗ್ನೂ ಯೋಜನೆಯವರು ಜೋಡಿ ಅಡ್ಡಗೆರೆಯ ಬೆನ್ನಿಗೆ ಪೂರ್ಣನಾಮವನ್ನು ಬರೆಯುವ ರೂಢಿಯನ್ನು ಹರಡಿದರು.

ಹಳೆಯ ಮತ್ತು ಹೊಸ ನಿಯಮಗಳ ಅಂತರ ಎಷ್ಟು ಸೂಕ್ಷ್ಮವೆಂಬುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ಟಾರ್‌ನಲ್ಲಿ ‘ಸಿ’ ಎಂದರೆ ಹೊಸ ಕಟ್ಟನ್ನು ರಚಿಸು, ‘ಎಫ್’ ಎಂದರೆ ಕಟ್ಟಿನ ಹೆಸರು ಮುಂದಿದೆ, ‘ವಿ’ ಎಂದರೆ ಮಾಡಿದ್ದನ್ನು ತಿಳಿಸು. ಅಡ್ಡಗೆರೆಯಿಲ್ಲದೆ ‘ಸಿಎಫ್‌ವಿ ಗುಬ್ಬಿ ಕುಣಿಗಲ್’ ಎಂದು ಬರೆದರೆ, ಕುಣಿಗಲ್ ಎಂಬ ಕಡತ ಗುಬ್ಬಿ ಎಂಬ ಕಟ್ಟನ್ನು ಸೇರುತ್ತದೆ. ಮೊದಲಲ್ಲಿ ಅಡ್ಡಗೆರೆಯೊಂದನ್ನು ಇಟ್ಟೊಡನೆ ಎಫ್‌ನ ಬೆನ್ನಿಗಿರುವ ‘ವಿ’ ಎಂಬುದೇ ಕಟ್ಟಿನ ಹೆಸರಾಗುತ್ತದೆ. ಗುಬ್ಬಿ, ಕುಣಿಗಲ್‌ಗಳೆರಡೂ ಅದರೊಳಗೆ ಸೇರಬೇಕಾದ ಕಡತಗಳೆನಿಸುತ್ತವೆ.

ಇಷ್ಟಾದರೂ ಗ್ನೂ ಟಾರ್ ಹಳೆಯ ರೂಪವನ್ನು ತೊರೆಯದೆ ಮೂರು ರೂಪಗಳನ್ನೂ ಅಂಗೀಕರಿಸುತ್ತದೆ. ಹಿಂದಿನವರು ಬರೆದಿಟ್ಟ ಆಜ್ಞಾಪಟ್ಟಿಗಳು ಬರೆದವರ ಗೈರುಹಾಜರಿಯಲ್ಲಿಯೂ ನಡೆಯುತ್ತಿರುತ್ತವೆ; ಅವುಗಳ ಅರ್ಥ ಕೆಟ್ಟರೆ ತಿದ್ದಲು ಅಲ್ಲಿ ಯಾರೂ ಇರುವುದಿಲ್ಲ. ಆದುದರಿಂದ ಹೊಸ ವ್ಯಾಕರಣವನ್ನು ಕಟ್ಟುವವನು ಹಳೆಯ ಪ್ರಯೋಗಗಳಿಗೂ ಹೊಣೆಗಾರನೆಂಬುದು ನಮ್ಮ ಅಭಿಪ್ರಾಯ.